ಮೊದಲ ಹತ್ತು ಮೀಟರ್

ನೇತ್ರಾಣಿಯಲ್ಲಿ ಸ್ಕೂಬಾ ಮಾಡಬೇಕೆಂದು ಮುರುಡೇಶ್ವರದ ಡೈವ್ ಸೆಂಟರುಗಳಿಗೆ ಫೋನ್ ಮಾಡುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅಲ್ಲಿ ಶಾರ್ಕ್ ಇದೆಯಾ? ಈಜು ಬರದಿದ್ದರೆ ನಡೆಯುತ್ತಾ? ನೀರೊಳಗಿನ ವಿಡಿಯೊ ಮಾಡಿಕೊಡ್ತೀರಾ, ಅದಕ್ಕೆ ಬೇರೆ ದುಡ್ಡಾ? ಕೇಳಬೇಕಾದವು ಬೇರೆಯೇ ಇವೆ. ಬೋಟಿನಲ್ಲಿ ಆಕ್ಸಿಜನ್ ಕಿಟ್ ಇದೆಯಾ? ಒಬ್ಬ ಇನ್‌ಸ್ಟ್ರಕ್ಟರ್ ಕೈಗೆ ಎಷ್ಟು ಜನರನ್ನು ಕೊಡುತ್ತೀರಿ? ಆ ದಿನ ನೆಗಡಿ ಬಂದರೆ ಕಟ್ಟಿದ ಹಣ ಏನಾಗುತ್ತೆ? ಡೈವ್ ಮುಗಿಸಿ ಅದೇ ಸಂಜೆ ಬೆಂಗಳೂರಿಗೆ ಹೊರಡಬಹುದಾ?

ಕಡಲಿನ ಬಗ್ಗೆ ನಮಗಿರುವ ಹೆದರಿಕೆಯೆಲ್ಲ ಆಳದ್ದು, ಆಳದಲ್ಲಿ ಬಾಯಿ ತೆರೆದು ಕಾದಿರಬಹುದಾದ ಪ್ರಾಣಿಯದ್ದು. ಹೊಸಬರು ನಿಜಕ್ಕೂ ತೊಂದರೆಗೆ ಸಿಕ್ಕುವುದು ಬೋಟಿನ ಮೇಲೆ, ಅಲೆಯ ಮೇಲೆ, ಮೊದಲ ಹತ್ತು ಮೀಟರ್ ನೀರಿನಲ್ಲಿ. ಆಮೇಲೆ, ಯಾರೂ ಯೋಚಿಸದ ಕಡೆ, ಮನೆಗೆ ಮರಳುವ ದಾರಿಯಲ್ಲಿ.

ನೇತ್ರಾಣಿ ಭಟ್ಕಳ ತಾಲ್ಲೂಕಿನ ತೀರದಿಂದ ಸುಮಾರು 19 ಕಿಲೋಮೀಟರ್ ಆಚೆಗಿರುವ ಬಂಡೆಗಲ್ಲಿನ ದ್ವೀಪ. ಇಂಗ್ಲಿಷರ ಬಾಯಲ್ಲಿ ಅದು ಪಿಜನ್ ಐಲೆಂಡ್. ಮೇಲಿನಿಂದ ನೋಡಿದರೆ ಹೃದಯದ ಆಕಾರ ಎನ್ನುವುದು ಅದರ ಖ್ಯಾತಿ. ನೌಕಾಪಡೆ ಅದನ್ನು ಗುರಿ ಅಭ್ಯಾಸಕ್ಕೆ ಬಳಸುತ್ತ ಬಂದಿರುವುದರಿಂದ ಹತ್ತಿ ತಿರುಗಾಡುವ ಜಾಗ ಅಲ್ಲ. ನೋಡುವುದೆಲ್ಲ ಸುತ್ತಲಿನ ನೀರಿನಲ್ಲಿ. ಹವಳ, ಗಿಳಿಮೀನು, ಬರಾಕುಡಾ ಹಿಂಡು, ಬಂಡೆಯ ಸಂದಿಯಿಂದ ತಲೆ ಹೊರಹಾಕುವ ಮೊರೆ ಈಲ್, ಅದೃಷ್ಟವಿದ್ದರೆ ಕಡಲಾಮೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ತೆರೆಕಂಡ ಮೇಲೆ ಆ ನೀರನ್ನು ಚಿತ್ರಮಂದಿರದಲ್ಲೇ ನೋಡಿದವರೂ ಬಹಳ. ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಬೋಟು ಬಿಡಗೊಡುವುದಿಲ್ಲ. ಡೈವಿಂಗ್ ನಡೆಯುವುದು ಸ್ಥೂಲವಾಗಿ ಅಕ್ಟೋಬರಿನಿಂದ ಮೇವರೆಗೆ. ನಡುವಿನ ಚಳಿಗಾಲದ ತಿಂಗಳುಗಳಲ್ಲಿ ನೀರು ಸಾಮಾನ್ಯವಾಗಿ ತಿಳಿ.

ಬೋಟು ಹತ್ತುವವರಲ್ಲಿ ಎರಡು ಗುಂಪು. ಒಂದು, ವಾರಾಂತ್ಯಕ್ಕೆ ಬಂದು ಒಮ್ಮೆ ಇಳಿದು ನೋಡಿ ಹೋಗುವವರದು. ಅವರಿಗೆ ಸ್ವಲ್ಪ ಹೊತ್ತಿನ ಪಾಠ ಹೇಳಿ, ಇನ್‌ಸ್ಟ್ರಕ್ಟರ್ ಬೆನ್ನಿನ ಸಿಲಿಂಡರ್ ಹಿಡಿದುಕೊಂಡೇ ನೀರೊಳಗೆ ಸುತ್ತಿಸುತ್ತಾರೆ. ಪ್ಯಾಡಿಯಂಥ ಅಂತರರಾಷ್ಟ್ರೀಯ ತರಬೇತಿ ಸಂಸ್ಥೆಗಳು ಇಂಥ ಪರಿಚಯದ ಡೈವ್‌ಗೆ ಹಾಕಿರುವ ಮಿತಿ 12 ಮೀಟರ್. ಇನ್ನೊಂದು ಗುಂಪು ‘ಓಪನ್ ವಾಟರ್’ ಕೋರ್ಸ್ ಸೇರಿದವರದು. ಅವರು ನಿಲ್ಲದೆ 200 ಮೀಟರ್ ಈಜಬೇಕು, ಏನನ್ನೂ ಹಿಡಿಯದೆ 10 ನಿಮಿಷ ತೇಲಬೇಕು, ಕೊಳದಲ್ಲಿ ಕಲಿತದ್ದನ್ನು ನಾಲ್ಕು ಡೈವ್‌ಗಳಲ್ಲಿ ಮತ್ತೆ ಮಾಡಿ ತೋರಿಸಬೇಕು. ಪಾಸಾದರೆ ಜೊತೆಗಾರರೊಡನೆ 18 ಮೀಟರ್‌ವರೆಗೆ ಇಳಿಯಬಹುದು. ಬೆಂಗಳೂರಿನ ಈಜುಕೊಳದಲ್ಲಿ ಪಾಠ ಮುಗಿಸಿ, ಕಡಲಿನ ಭಾಗಕ್ಕೆ ನೇತ್ರಾಣಿಗೋ ಅಂಡಮಾನಿಗೋ ಹೋಗುವವರು ಈಗ ಸಾಕಷ್ಟಿದ್ದಾರೆ.

ಮೊದಲ ಗುಂಪಿಗೆ ಈಜು ಕಡ್ಡಾಯವಲ್ಲ, ನಿಜ. ಆದರೆ ಮೂಗಿನ ಸುತ್ತ ನೀರಿದ್ದಾಗ ಬಾಯಲ್ಲಿ ಉಸಿರಾಡಲು ಬರದವರನ್ನು ನೇರವಾಗಿ ಕಡಲಿಗೆ ಇಳಿಸುವುದು ನನಗೆ ಒಪ್ಪಿಗೆಯಿಲ್ಲ. ಮುಖಕ್ಕೆ ನೀರು ತಾಗಿದೊಡನೆ ಉಸಿರು ಹಿಡಿಯುವುದು ದೇಹದ ಹುಟ್ಟುಗುಣ. ಅದನ್ನು ಮೀರುವುದಕ್ಕೆ ಊರಿನ ಈಜುಕೊಳ ಸಾಕು. ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಮಾಸ್ಕ್ ಇಲ್ಲದೆ ಬರೀ ಸ್ನಾರ್ಕೆಲ್ ಕಚ್ಚಿ, ಮುಖ ಮುಳುಗಿಸಿ ನಿಧಾನಕ್ಕೆ ಉಸಿರಾಡಿ ನೋಡಿ. ಮೊದಲು ಮೂಗಿಗೆ ನೀರೇರಿ ಕೆಮ್ಮು ಬರುತ್ತದೆ, ಸಿಟ್ಟು ಬರುತ್ತದೆ. ಆಮೇಲೆ ಗಂಟಲೇ ದಾರಿ ಕಂಡುಕೊಳ್ಳುತ್ತದೆ. ಕಡಲಿನೊಳಗೆ ಮಾಸ್ಕ್‌ಗೆ ನೀರು ತುಂಬಿದಾಗ ಗಾಬರಿಯಾಗಿ ಮೇಲಕ್ಕೆ ಓಡುವವರು, ಇದನ್ನು ಒಮ್ಮೆಯೂ ಮಾಡಿ ನೋಡದವರು.

ಇಳಿಯುವ ಮುನ್ನ ಕೈಗೆ ಒಂದು ಆರೋಗ್ಯದ ಅರ್ಜಿ ಬರುತ್ತದೆ. ಅಸ್ತಮಾ, ಅಪಸ್ಮಾರ, ಹೃದ್ರೋಗ, ಕಿವಿಯ ಶಸ್ತ್ರಚಿಕಿತ್ಸೆ, ಶ್ವಾಸಕೋಶ ಕುಸಿದ ಇತಿಹಾಸ, ಗರ್ಭಧಾರಣೆ ಎಂದು ಸಾಲು ಪ್ರಶ್ನೆಗಳು. ‘ಎಲ್ಲದಕ್ಕೂ ನೋ ಅಂತ ಹಾಕಿಬಿಡು ಮಾರಾಯ, ಇಲ್ಲಾಂದ್ರೆ ಬಿಡೋದಿಲ್ಲ’ ಎಂದು ಪಕ್ಕದಲ್ಲಿ ಕೂತ ಗೆಳೆಯ ಪಿಸುಗುಡುತ್ತಾನೆ. ಆ ಸಲಹೆ ಕೇಳುವವರಿಗೆ ಗೊತ್ತಿರಬೇಕಾದ ಸಂಗತಿ ಎಂದರೆ, ಡೈವಿಂಗ್‌ನಲ್ಲಿ ಸತ್ತವರ ಪೈಕಿ ಮೊದಲೇ ಇದ್ದ ಹೃದಯದ ಕಾಯಿಲೆಯಿಂದ ಹೋದವರ ಪಾಲು ಸಣ್ಣದಲ್ಲ. ಒಂದು ‘ಹೌದು’ ಬಿದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದೂ ಇಲ್ಲ; ವೈದ್ಯರು ನೋಡಿ ಸಹಿ ಹಾಕಬೇಕಾಗುತ್ತದೆ, ಅಷ್ಟೇ. ಅದಕ್ಕೇ ಅರ್ಜಿಯನ್ನು ಹೊರಡುವುದಕ್ಕೆ ಒಂದು ವಾರ ಮೊದಲೇ ತರಿಸಿಕೊಂಡು ಮನೆಯಲ್ಲಿ ಓದುವುದು ಒಳ್ಳೆಯದು. ಜೆಟ್ಟಿಯಲ್ಲಿ ನಿಂತು, ಹಣ ಕಟ್ಟಿಯಾದ ಮೇಲೆ, ಬಿಸಿಲಿನಲ್ಲಿ ಯಾರೂ ಸತ್ಯ ಬರೆಯುವುದಿಲ್ಲ.

ಈಗ ಕಿವಿಯ ವಿಷಯ. ಹೊಸಬರ ಡೈವ್ ಅರ್ಧಕ್ಕೇ ನಿಲ್ಲುವುದಿದ್ದರೆ ಹೆಚ್ಚಾಗಿ ಕಿವಿಯಿಂದಲೇ.

ಆಗುಂಬೆ ಘಾಟಿ ಇಳಿದವರಿಗೆಲ್ಲ ಕಿವಿ ಮುಚ್ಚಿಕೊಂಡು, ಉಗುಳು ನುಂಗಿದಾಗ ‘ಟಪ್’ ಎಂದು ತೆರೆದುಕೊಂಡ ಅನುಭವ ಇದ್ದೇ ಇರುತ್ತದೆ. ಸುಮಾರು 600 ಮೀಟರಿನ ಆ ಇಳಿತದಲ್ಲಿ ಗಾಳಿಯ ಒತ್ತಡ ಹೆಚ್ಚುವುದು ನೂರಕ್ಕೆ ಏಳರಷ್ಟು. ನೀರು ಗಾಳಿಗಿಂತ ಎಷ್ಟೋ ಪಟ್ಟು ಭಾರ. ಅಷ್ಟೇ ಒತ್ತಡ ಹೆಚ್ಚಲು ಕಡಲಿನಲ್ಲಿ ಮುಕ್ಕಾಲು ಮೀಟರ್ ಇಳಿದರೂ ಹೆಚ್ಚಾಯಿತು. ಅಂದರೆ ತಲೆ ಮುಳುಗಿ ಒಂದೂವರೆ ಮೊಳ ಕೆಳಗೆ ಹೋಗುವಷ್ಟರಲ್ಲಿ ಕಿವಿ ಇಡೀ ಘಾಟಿಯನ್ನು ಇಳಿದಿರುತ್ತದೆ, ಅದೂ ಕೆಲವೇ ಕ್ಷಣಗಳಲ್ಲಿ. 10 ಮೀಟರ್ ಮುಟ್ಟಿದಾಗ ಒತ್ತಡ ಮೇಲಿನದರ ಎರಡರಷ್ಟು. ಮತ್ತೆ ಎರಡರಷ್ಟಾಗಬೇಕಾದರೆ 30 ಮೀಟರ್‌ವರೆಗೆ ಹೋಗಬೇಕು. ಆದ್ದರಿಂದಲೇ ಮೊದಲ ಹತ್ತು ಮೀಟರ್ ಅಷ್ಟು ಕಠಿಣ. ಆಳಕ್ಕೆ ಹೋದಂತೆ ಕಿವಿಯ ಕೆಲಸ ಹಗುರವಾಗುತ್ತ ಹೋಗುತ್ತದೆ.

ಕಿವಿಯ ನಡುಕೋಣೆಯಿಂದ ಗಂಟಲ ಹಿಂಭಾಗಕ್ಕೆ ಸಣ್ಣ ನಾಳವೊಂದಿದೆ. ಅದು ಸಾಮಾನ್ಯವಾಗಿ ಮುಚ್ಚಿರುತ್ತದೆ, ನುಂಗಿದಾಗ, ಆಕಳಿಸಿದಾಗ ತೆರೆಯುತ್ತದೆ. ಡೈವಿಂಗ್‌ನಲ್ಲಿ ಅದನ್ನು ನಾವೇ ತೆರೆಯಬೇಕು. ಮೂಗು ಹಿಡಿದು ಮೆಲ್ಲಗೆ ಊದುವುದು ಒಂದು ದಾರಿ. ಇಟಲಿಯ ವೈದ್ಯ ವಾಲ್ಸಾಲ್ವಾನ ಹೆಸರಿನಲ್ಲಿ ಅದು ಪ್ರಸಿದ್ಧ. ಮೂಗು ಹಿಡಿದು ನುಂಗುವುದು ಇನ್ನೊಂದು. ಯಾವುದೇ ಆಗಲಿ, ನೋವು ಶುರುವಾಗುವ ಮುನ್ನ ಮಾಡಬೇಕು, ಪ್ರತಿ ಅರ್ಧ ಮೀಟರಿಗೊಮ್ಮೆ ಮಾಡಬೇಕು. ಮೊದಲ ಸಲ ಬೋಟಿನ ಮೇಲೆಯೇ ಮಾಡಿಬಿಡುವುದು ಒಳ್ಳೆಯದು. ನೋವು ಬಂದ ಮೇಲೆ ಊದಿದರೆ ಪ್ರಯೋಜನ ಕಡಿಮೆ, ಏಕೆಂದರೆ ಅಷ್ಟು ಹೊತ್ತಿಗೆ ಹೊರಗಿನ ಒತ್ತಡ ನಾಳದ ಬಾಯಿಯನ್ನು ಒತ್ತಿ ಮುಚ್ಚಿರುತ್ತದೆ. ಆಗ ಜೋರಾಗಿ ಊದುವವರು ಕಿವಿತಮಟೆಗೆ, ಕೆಲವೊಮ್ಮೆ ಒಳಕಿವಿಗೇ ಪೆಟ್ಟು ಮಾಡಿಕೊಳ್ಳುತ್ತಾರೆ. ಸರಿಯಾದ ಕ್ರಮ, ಒಂದು ಮೀಟರ್ ಮೇಲೇರಿ, ಮತ್ತೆ ಪ್ರಯತ್ನಿಸುವುದು. ಆಗದಿದ್ದರೆ ಆ ದಿನದ ಡೈವ್ ಮುಗಿಯಿತು. ತಲೆ ಕೆಳಗಾಗಿ ಧುಮುಕುವುದಕ್ಕಿಂತ, ಲಂಗರಿನ ಹಗ್ಗ ಹಿಡಿದು ಕಾಲು ಕೆಳಗಾಗಿ ಇಳಿದರೆ ನಾಳ ಸುಲಭವಾಗಿ ತೆರೆಯುತ್ತದೆ. ‘ಕಿವಿ ನೋವಾದ್ರೆ ಧೈರ್ಯ ತೋರ್ಸೋದು ಬೇಡ ಸಾರ್, ಕೈ ತೋರ್ಸಿ ಸಾಕು’ ಎಂದು ಇನ್‌ಸ್ಟ್ರಕ್ಟರ್ ಹೇಳಿದರೆ, ಅವರು ಕೆಲಸ ಗೊತ್ತಿದ್ದವರು ಎಂದು ನಂಬಬಹುದು.

ನೆಗಡಿ ಇದ್ದಾಗ ಈ ನಾಳ ಊದಿಕೊಂಡಿರುತ್ತದೆ. ಮಾತ್ರೆ ನುಂಗಿ, ಮೂಗಿಗೆ ಹನಿ ಹಾಕಿ ಇಳಿಯುವವರಿಗೆ ಇಳಿಯುವುದೇನೋ ಸಾಧ್ಯವಾಗಬಹುದು. ಔಷಧದ ಪ್ರಭಾವ ನೀರೊಳಗೇ ಮುಗಿದರೆ, ಏರುವಾಗ ಹಿಗ್ಗುವ ಗಾಳಿಗೆ ಹೊರದಾರಿ ಇರುವುದಿಲ್ಲ. ಇಳಿಯುವ ನೋವಾದರೆ ಮೇಲೆ ಬಂದು ತಪ್ಪಿಸಿಕೊಳ್ಳಬಹುದು. ಏರುವ ನೋವಿಗೆ ಆ ಅನುಕೂಲವಿಲ್ಲ, ಗಾಳಿ ಇರುವುದು ಮೇಲೆ. ನೆಗಡಿಯಾದರೆ ಹಣ ವಾಪಸು ಕೊಡುವ ಅಥವಾ ದಿನ ಬದಲಿಸಿಕೊಡುವ ಡೈವಿಂಗ್ ಅಂಗಡಿಯನ್ನೇ ಆರಿಸಿ ಎನ್ನುವುದು ಇದಕ್ಕಾಗಿ. ಕಟ್ಟಿದ ಐದಾರು ಸಾವಿರ ಕೈಬಿಡುತ್ತದೆ ಎಂಬ ಸಂಕಟದಲ್ಲೇ ಜನ ಕಟ್ಟಿದ ಮೂಗಿನಲ್ಲಿ ಇಳಿಯುತ್ತಾರೆ.

ಶ್ವಾಸಕೋಶದ ನಿಯಮ ಒಂದೇ ಸಾಲಿನದು: ಉಸಿರು ಹಿಡಿಯಬಾರದು. 10 ಮೀಟರಿನಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ, ಮೇಲೆ ಬಂದಾಗ ಎರಡು ಎದೆ ತುಂಬುವಷ್ಟಾಗುತ್ತದೆ. ಬಾಯಿ ಗಂಟಲು ತೆರೆದಿದ್ದರೆ ಹೆಚ್ಚಿನದು ತಾನೇ ಹೊರಟುಹೋಗುತ್ತದೆ. ಮುಚ್ಚಿದ್ದರೆ ಶ್ವಾಸಕೋಶ ಹರಿದು ಗಾಳಿಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಇದಕ್ಕೆ ದೊಡ್ಡ ಆಳ ಬೇಕಿಲ್ಲ. ತುಂಬಿದ ಎದೆಯಲ್ಲಿ ಉಸಿರು ಹಿಡಿದು ಒಂದೂಕಾಲು ಮೀಟರ್ ಏರಿದರೂ ಸಾಕು, ಅಂದರೆ ಈಜುಕೊಳದಲ್ಲೂ ಆಗಬಹುದು. ದಿನಾ ಪ್ರಾಣಾಯಾಮ ಮಾಡುವವರು ಡೈವಿಂಗ್‌ನಲ್ಲಿ ಉಳಿದವರಿಗಿಂತ ನೆಮ್ಮದಿಯಾಗಿ ಉಸಿರಾಡುವುದನ್ನು ಕಂಡಿದ್ದೇನೆ. ಅವರಿಗೆ ಒಂದೇ ಮಾತು: ಪೂರಕ ರೇಚಕ ಎಷ್ಟಾದರೂ ಮಾಡಿ, ಕುಂಭಕ ಮಾತ್ರ ದಡದಲ್ಲಿ ಬಿಟ್ಟು ಬನ್ನಿ.

ಪತ್ರಿಕೆಗಳು ಇನ್ನೂ ‘ಆಮ್ಲಜನಕದ ಸಿಲಿಂಡರ್’ ಎಂದೇ ಬರೆಯುತ್ತವೆ. ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಇರುವುದು ನಾವು ಈಗ ಎಳೆಯುತ್ತಿರುವ ಮಾಮೂಲಿ ಗಾಳಿಯೇ, ಕಂಪ್ರೆಸರ್‌ನಿಂದ ಒತ್ತಿ ತುಂಬಿದ್ದು. ಅಪ್ಪಟ ಆಮ್ಲಜನಕ ಆರು ಮೀಟರ್ ದಾಟಿದರೆ ವಿಷವಾಗತೊಡಗುತ್ತದೆ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್ 11 ಲೀಟರಿನದು. 200 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 2,200 ಲೀಟರ್ ಗಾಳಿ. ಇದರ ಲೆಕ್ಕ ಪ್ರತಿಯೊಬ್ಬರೂ ಕೈಯಾರೆ ಒಮ್ಮೆ ಮಾಡಿ ನೋಡಬೇಕು. ಗಾಬರಿಯಲ್ಲಿರುವ ಹೊಸಬರು ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾರೆ ಎಂದುಕೊಳ್ಳೋಣ. 10 ಮೀಟರಿನಲ್ಲಿ ಒತ್ತಡ ಎರಡರಷ್ಟು, ಹಾಗಾಗಿ ಖರ್ಚು 40 ಲೀಟರ್. ಕೊನೆಯ 50 ಬಾರ್ ಮುಟ್ಟಬಾರದ ಮೀಸಲು. ಉಳಿದ 1,650 ಲೀಟರಿಗೆ ಸಿಗುವುದು 41 ನಿಮಿಷ. ಅದೇ ಮನುಷ್ಯ 18 ಮೀಟರಿಗೆ ಹೋದರೆ ಅರ್ಧ ಗಂಟೆಯೂ ಇಲ್ಲ. ಡೈವಿಂಗ್ ಸಾವುಗಳನ್ನು ಬಿಡಿಸಿ ನೋಡಿದವರು ಮೊದಲ ಎಡವಟ್ಟು ಯಾವುದು ಎಂದು ಹುಡುಕಿದಾಗ ಎಲ್ಲಕ್ಕಿಂತ ಹೆಚ್ಚು ಸಲ ಸಿಕ್ಕಿದ್ದು ಇದೇ, ಗಾಳಿ ಖಾಲಿಯಾದದ್ದು. ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಎದುರಿಗೇ ಇರುತ್ತದೆ, ನೋಡುವವರು ಮೀನು ನೋಡುತ್ತಿರುತ್ತಾರೆ.

ಇಳಿಯುವ ಮುನ್ನ ಮಾಡುವ ಒಂದು ಪರೀಕ್ಷೆ ಹತ್ತು ಸೆಕೆಂಡಿನದು: ಒತ್ತಡದ ಗಡಿಯಾರ ನೋಡುತ್ತ, ಬಾಯಲ್ಲಿ ಕಚ್ಚುವ ರೆಗ್ಯುಲೇಟರ್‌ನಿಂದ ನಾಲ್ಕು ಸಲ ಜೋರಾಗಿ ಉಸಿರೆಳೆಯಿರಿ. ಮುಳ್ಳು ಅಲ್ಲಾಡದಿದ್ದರೆ ಸರಿ. ಉಸಿರಿನ ಜೊತೆ ಕುಸಿದು ಮತ್ತೆ ಏರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ. ಗಾಳಿಗೆ ಎಣ್ಣೆಯ ವಾಸನೆಯೋ ರುಚಿಯೋ ಇದ್ದರೆ ಆ ಸಿಲಿಂಡರ್ ಬೇಡ. ಕಂಪ್ರೆಸರ್ ಡೀಸೆಲ್ ಹೊಗೆಯನ್ನು ಒಳಗೆ ಎಳೆದುಕೊಂಡಿರಬಹುದು.

ಕೊಳದಲ್ಲಿ ಕಲಿತವರನ್ನು ಕಡಲು ಮೊದಲು ಕೆಣಕುವುದು ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ತೂಕದ ವಿಷಯದಲ್ಲಿ. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ಉಪಕರಣವೂ ಸೇರಿ ನೂರು ಕಿಲೋ ತೂಗುವವರಿಗೆ ಕೊಳದಲ್ಲಿ ಕಟ್ಟಿದ್ದಕ್ಕಿಂತ ಎರಡೂವರೆ ಕಿಲೋ ಹೆಚ್ಚು ಸೀಸ ಬೇಕಾಗುತ್ತದೆ. ಡೈವ್ ಮುಗಿಯುವ ಹೊತ್ತಿಗೆ ಸಿಲಿಂಡರಿನ ಗಾಳಿಯೇ ಎರಡು ಕಿಲೋದಷ್ಟು ಕಡಿಮೆಯಾಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮುಳುಗುತ್ತಿಲ್ಲ ಎಂದು ಸಿಕ್ಕಷ್ಟು ಸೀಸ ಪೇರಿಸುವುದು ಇನ್ನೊಂದು ಅತಿ. ಭಾರ ಹೆಚ್ಚಾದವರು ತಳದ ಹವಳವನ್ನು ಒದೆಯುತ್ತ, ತೇಲಲು ತೊಡುವ ಜಾಕೆಟ್ಟಿಗೆ ಗಾಳಿ ತುಂಬಿ ಬಿಟ್ಟು ಮಾಡುತ್ತ ಸುಸ್ತಾಗುತ್ತಾರೆ. ಸೊಂಟದ ಬೆಲ್ಟ್ ಒಂದೇ ಕೈಯಲ್ಲಿ ಬಿಚ್ಚಿ ಬೀಳಿಸುವಂತಿರಬೇಕು, ಅದನ್ನು ಕಣ್ಣು ಮುಚ್ಚಿಯೂ ಮಾಡಿ ನೋಡಿರಬೇಕು. ನೀರಿನ ಮೇಲೆ ಒದ್ದಾಡಿ ಮುಳುಗಿ ಸತ್ತವರ ದೇಹ ಸಿಕ್ಕಾಗ ಹೆಚ್ಚಿನ ಸಲ ಸೀಸದ ಬೆಲ್ಟ್ ಸೊಂಟದಲ್ಲೇ ಇರುತ್ತದೆ. ಸೀಸ ಹೋದರೆ ಹೋಗಲಿ, ಅದರ ಬೆಲೆ ಎಷ್ಟೆಂದು ಅಂಗಡಿಯವರೂ ಕೇಳುವುದಿಲ್ಲ.

ಇಷ್ಟು ತಯಾರಾಗಿ ಬಂದವರನ್ನೂ ಮಣ್ಣುಮುಕ್ಕಿಸುವುದು ಬೋಟು.

ಮುರುಡೇಶ್ವರದಿಂದ ದ್ವೀಪಕ್ಕೆ ಒಂದು ಗಂಟೆಯ ಮೇಲೆ ಬೇಕು. ಹಿಂದಿರುವ ಶಿವನ ಮೂರ್ತಿ ಸಣ್ಣದಾಗುತ್ತ ಹೋಗುವವರೆಗೂ ಎಲ್ಲರೂ ನಗುತ್ತ ಫೋಟೊ ತೆಗೆಯುತ್ತಾರೆ. ಓಡುವ ಬೋಟಿಗಿಂತ ಲಂಗರು ಹಾಕಿ ನಿಂತ ಬೋಟು ಹೆಚ್ಚು ಹೊರಳುತ್ತದೆ. ವಾಂತಿಯ ಸರದಿ ಶುರುವಾಗುವುದು ಆಗ. ಕಡಲಬೇನೆಯ ಮಾತ್ರೆ ವಾಂತಿ ಬಂದ ಮೇಲೆ ಉಪಯೋಗಕ್ಕೆ ಬಾರದು, ಹೊರಡುವ ಒಂದು ಗಂಟೆ ಮೊದಲೇ ನುಂಗಿರಬೇಕು. ಘಾಟಿ ಪ್ರಯಾಣಕ್ಕೆಂದು ಮೆಡಿಕಲ್ ಶಾಪಿನಲ್ಲಿ ಕೊಡುವ ಮಾತ್ರೆಗಳಲ್ಲಿ ಕೆಲವು ಚೆನ್ನಾಗಿ ನಿದ್ದೆ ಬರಿಸುತ್ತವೆ, ಮಂಪರಿನಲ್ಲಿ ಡೈವ್ ಮಾಡುವುದು ಅಪಾಯ. ಯಾವುದು ಒಗ್ಗುತ್ತದೆ ಎಂದು ವೈದ್ಯರನ್ನು ಕೇಳಿ, ಊರಿನಲ್ಲಿದ್ದಾಗಲೇ ಒಮ್ಮೆ ನುಂಗಿ ನೋಡುವುದು ಜಾಣತನ. ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಬೆಳಿಗ್ಗೆ ಎರಡು ಇಡ್ಲಿ ಸಾಕು. ಬನ್ಸು, ಗೋಳಿಬಜೆಯನ್ನು ವಾಪಸು ಬಂದ ಮೇಲೆ ನೋಡಿಕೊಳ್ಳೋಣ. ಹಿಂದಿನ ರಾತ್ರಿಯ ಕುಡಿತ ದೇಹದ ನೀರನ್ನು ಕಡಿಮೆ ಮಾಡಿ ಬೇನೆಯನ್ನೂ, ಮುಂದೆ ಹೇಳಲಿರುವ ಸಾರಜನಕದ ತೊಂದರೆಯನ್ನೂ ಹೆಚ್ಚಿಸುತ್ತದೆ. ಬೋಟಿನಲ್ಲಿ ಡೀಸೆಲ್ ಹೊಗೆ ಬರದ ಕಡೆ, ನಡುಭಾಗದಲ್ಲಿ ಕೂತು, ಮೊಬೈಲ್ ಬದಿಗಿಟ್ಟು, ದೂರದ ನೀರಿನಂಚು ನೋಡುತ್ತಿರಿ. ವಾಂತಿ ಬಂದೇ ಬಂದರೆ ಗಾಳಿ ಬೀಸಿ ಹೋಗುವ ಕಡೆಗೆ ಬಾಗಿ, ಎದುರುಗಾಳಿಯ ಕಡೆಗಲ್ಲ. ಇಲ್ಲದಿದ್ದರೆ ಪಕ್ಕದವರು ನಿಮ್ಮನ್ನು ನೆನಪಿಟ್ಟುಕೊಳ್ಳುತ್ತಾರೆ. ನೀರೊಳಗೆ ಬಂದರೂ ಗಾಬರಿ ಬೇಡ, ರೆಗ್ಯುಲೇಟರ್ ಬಾಯಲ್ಲೇ ಇರಲಿ. ಅದರೊಳಗೇ ವಾಂತಿ ಮಾಡಿ, ಬಟನ್ ಒತ್ತಿ ತೊಳೆದು, ಉಸಿರಾಟ ಮುಂದುವರಿಸಬಹುದು. ಕೇಳಲು ಅಸಹ್ಯ, ಆದರೆ ಕಿತ್ತೆಸೆದು ನೀರು ಕುಡಿಯುವುದಕ್ಕಿಂತ ವಾಸಿ.

ಸಣ್ಣ ಬೋಟಿನಿಂದ ನೀರಿಗಿಳಿಯುವುದು ಹಿಂದಕ್ಕೆ ಉರುಳಿ. ಅಂಚಿನ ಮೇಲೆ ಬೆನ್ನು ಹೊರಗಾಗಿ ಕೂತು, ಜಾಕೆಟ್ಟಿಗೆ ಸ್ವಲ್ಪ ಗಾಳಿ ತುಂಬಿ, ಒಂದು ಅಂಗೈಯಲ್ಲಿ ರೆಗ್ಯುಲೇಟರ್ ಒತ್ತಿ ಅದೇ ಕೈಯ ಬೆರಳುಗಳಲ್ಲಿ ಮಾಸ್ಕ್ ಹಿಡಿದು, ಗಲ್ಲ ಎದೆಗೆ ತಾಗಿಸಿ ಬಿದ್ದುಬಿಡಬೇಕು. ಬೀಳುವ ಮುನ್ನ ಹಿಂದೆ ಯಾರ ತಲೆಯೂ ಇಲ್ಲವೆಂದು ಬೋಟಿನವರು ನೋಡಿ ಹೇಳಬೇಕು. ನೀರಿನ ಮೇಲೆ ಬಂದೊಡನೆ ಮೊದಲ ಕೆಲಸ ಬೋಟಿನತ್ತ ‘ಓಕೆ’ ತೋರಿಸುವುದು. ಸೆಳೆತವಿದ್ದರೆ ಹಗ್ಗ ಹಿಡಿಯಿರಿ, ಈಜಿ ಗೆಲ್ಲಲು ಹೋಗಬೇಡಿ. ಸೆಳೆತದ ಎದುರಿಗೆ ಹೊರಟು, ವಾಪಸು ಬರುವಾಗ ಅದರ ಜೊತೆ ಬರುವುದು ಡೈವಿಂಗ್‌ನ ಹಳೆಯ ರೂಢಿ.

ಕೈಸನ್ನೆಗಳಲ್ಲಿ ನಮ್ಮ ಹುಡುಗರು ಪದೇ ಪದೇ ಎಡವುವುದು ಒಂದರಲ್ಲಿ. ಹೆಬ್ಬೆರಳು ಮೇಲೆತ್ತಿದರೆ ನೀರೊಳಗೆ ‘ಸೂಪರ್’ ಎಂಬ ಅರ್ಥವಿಲ್ಲ, ‘ಮೇಲೆ ಹೋಗೋಣ’ ಎಂದು ಅರ್ಥ. ಅದನ್ನು ತೋರಿಸುವ ಹಕ್ಕು ಎಲ್ಲರಿಗೂ ಇದೆ, ಯಾವ ಕ್ಷಣದಲ್ಲೂ ಇದೆ. ತೋರಿಸಿದವರನ್ನು ಏಕೆಂದು ಕೇಳುವಂತಿಲ್ಲ, ಬೋಟಿಗೆ ಬಂದ ಮೇಲೆ ಗೇಲಿ ಮಾಡುವಂತೆಯೂ ಇಲ್ಲ. ಕಚೇರಿಯ ತಂಡ, ಹೊಸ ಮದುವೆಯ ಜೋಡಿ, ಗೆಳೆಯರ ಗುಂಪು ಇವೆಲ್ಲ ನೇತ್ರಾಣಿಗೆ ಬರುವಾಗ ಈ ಒಂದು ಮಾತನ್ನು ಮೊದಲೇ ಆಡಿಕೊಂಡರೆ, ಗಂಡನ ಮುಖ ನೋಡಿ, ಬಾಸ್‌ನ ಮುಖ ನೋಡಿ ಇಳಿಯುವವರ ಸಂಖ್ಯೆ ಇಳಿದೀತು.

ಏಣಿ ಹತ್ತುವಾಗಲೂ ಎಚ್ಚರ ಬೇಕು. ಮುಂದಿನವರು ಹತ್ತುತ್ತಿರುವಾಗ ಅವರ ಕೆಳಗೆ ಕಾಯಬಾರದು. ಅವರು ಜಾರಿದರೆ ಹದಿನೈದು ಕಿಲೋ ಲೋಹ ನಿಮ್ಮ ತಲೆಯ ಮೇಲೆ. ಬೋಟಿನೊಳಗೆ ಕಾಲಿಡುವವರೆಗೂ ಮಾಸ್ಕ್ ಮುಖದ ಮೇಲೆ, ರೆಗ್ಯುಲೇಟರ್ ಬಾಯಲ್ಲಿ ಇರಬೇಕು, ನಡುವೆ ಬಿದ್ದರೂ ಉಸಿರಿಗೆ ತೊಂದರೆಯಾಗದಂತೆ.

ಆಮೇಲೆ ತಲೆ ಎಣಿಕೆ. 1998ರ ಜನವರಿ 25ರಂದು ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಟಾಮ್ ಮತ್ತು ಐಲೀನ್ ಲೋನರ್ಗನ್ ಎಂಬ ಅಮೆರಿಕದ ದಂಪತಿಯನ್ನು ನೀರಿನಲ್ಲೇ ಬಿಟ್ಟು ಬೋಟು ದಡಕ್ಕೆ ಮರಳಿತು. ಎಣಿಕೆಯಲ್ಲಿ ತಪ್ಪಾಗಿತ್ತು. ಬೋಟಿನಲ್ಲಿ ಅವರ ಸಾಮಾನು ಉಳಿದದ್ದು ಕಂಡು ವಿಷಯ ಗೊತ್ತಾದದ್ದು ಎರಡು ದಿನದ ನಂತರ. ಅವರು ಸಿಗಲೇ ಇಲ್ಲ. ಆ ಮೇಲೆ ಕ್ವೀನ್ಸ್‌ಲ್ಯಾಂಡ್ ರಾಜ್ಯ ಎಣಿಕೆಯ ನಿಯಮಗಳನ್ನು ಬಿಗಿಗೊಳಿಸಿತು. ಪಟ್ಟಿ ಹಿಡಿದು ಹೆಸರು ಕೂಗಿ, ಮುಖ ನೋಡಿ ಗುರುತು ಹಾಕುವ ಬೋಟು ಒಳ್ಳೆಯ ಬೋಟು. ಗೆಳೆಯ ಶೌಚಕ್ಕೆ ಹೋಗಿದ್ದಾನೆಂದು ನೀವು ‘ಇದ್ದಾನೆ’ ಎನ್ನಬೇಡಿ. ಅವನೇ ಬಂದು ಹೇಳಲಿ.

ಉಳಿದದ್ದು ಸಾರಜನಕ. ಒತ್ತಡದಲ್ಲಿ ಎಳೆದ ಗಾಳಿಯ ಸಾರಜನಕ ರಕ್ತಕ್ಕೆ, ಕೊಬ್ಬಿಗೆ, ಕೀಲುಗಳಿಗೆ ಸೇರಿ ಕರಗಿ ಕೂರುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನ ಮೂಲಕವೇ ಹೊರಟುಹೋಗುತ್ತದೆ. ಗಡಿಬಿಡಿಯಲ್ಲಿ ಬಂದರೆ ಗೋಲಿ ಸೋಡಾ ಒಡೆದಂತೆ ಗುಳ್ಳೆಯೇಳುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯಕ್ಕೆ ಒತ್ತಡದ ಕೋಣೆಗಳಲ್ಲಿ ದುಡಿದವರು 1870ರ ದಶಕದಲ್ಲಿ ಈ ರೋಗದಿಂದ ನರಳಿದರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ ಹಾಸಿಗೆ ಹಿಡಿದ. ಮೇಲೇರುವುದಕ್ಕೆ ಒಂದು ಲೆಕ್ಕ ಬೇಕೆಂದು ಆಡುಗಳ ಮೇಲೆ ಪ್ರಯೋಗ ಮಾಡಿ 1908ರಲ್ಲಿ ಕೋಷ್ಟಕ ಪ್ರಕಟಿಸಿದವನು ಶರೀರಶಾಸ್ತ್ರಜ್ಞ ಜೆ.ಎಸ್. ಹಾಲ್ಡೇನ್. ಈಗ ಆ ಲೆಕ್ಕವನ್ನು ಮಣಿಕಟ್ಟಿನ ಡೈವ್ ಕಂಪ್ಯೂಟರ್ ಮಾಡುತ್ತದೆ. ನಿಮಿಷಕ್ಕೆ 9 ಮೀಟರ್ ಮೀರದಂತೆ ಏರಬೇಕು, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು ಎನ್ನುವುದು ಇಂದಿನ ರೂಢಿ.

ಡೈವ್ ಮುಗಿದರೂ ಮೈಯಲ್ಲಿ ಹೆಚ್ಚಿನ ಸಾರಜನಕ ಗಂಟೆಗಟ್ಟಲೆ ಇರುತ್ತದೆ. ಆದ್ದರಿಂದ ಕೂಡಲೇ ವಿಮಾನ ಹತ್ತಬಾರದು ಎಂದು ಎಲ್ಲರೂ ಕೇಳಿರುತ್ತಾರೆ. ಡೈವಿಂಗ್ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ನೀಡುವ ಸಲಹೆ, ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ ಕನಿಷ್ಠ 18 ಗಂಟೆ ಕಾಯಬೇಕು ಎಂದು. ಅಂಡಮಾನಿಗೆ ಹೋಗುವವರು ಇದನ್ನು ಲೆಕ್ಕ ಹಾಕಿಯೇ ಟಿಕೆಟ್ ತೆಗೆಯುತ್ತಾರೆ. ನೇತ್ರಾಣಿಗೆ ಹೋಗುವವರು ‘ನಾವು ಬಸ್ಸಿನಲ್ಲಿ ಹೋಗುವವರು, ನಮಗೇನು’ ಎಂದುಕೊಳ್ಳುತ್ತಾರೆ.

ಆ ಸಲಹೆಯನ್ನು ಸರಿಯಾಗಿ ಓದಿದರೆ, ಅದು ವಿಮಾನದೊಳಗಿನ ಒತ್ತಡ 2,000ದಿಂದ 8,000 ಅಡಿ ಎತ್ತರಕ್ಕೆ ಸಮನಾಗಿರುವ ಪ್ರಯಾಣಕ್ಕೆ ಹೇಳಿದ್ದು. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲೆ. ಚಿಕ್ಕಮಗಳೂರು ಇನ್ನೂ ಮೇಲೆ, ಹುಬ್ಬಳ್ಳಿಯೂ 2,000 ಅಡಿ ದಾಟುತ್ತದೆ. ದೇಹಕ್ಕೆ ಗೊತ್ತಾಗುವುದು ಒತ್ತಡ ಮಾತ್ರ, ಅದು ವಿಮಾನದ್ದೋ ಬಸ್ಸಿನದ್ದೋ ಅದಕ್ಕೆ ತಿಳಿಯದು. ಬೆಳಗಿನ ಬೋಟಿನಲ್ಲಿ ಹೋದವರು ನೀರಿನಿಂದ ಮೇಲೆದ್ದಾಗ ಮಧ್ಯಾಹ್ನ 12 ಎಂದಿಟ್ಟುಕೊಳ್ಳಿ. ರಾತ್ರಿ 8ರ ಸ್ಲೀಪರ್ ಬಸ್ ಹತ್ತಿದರೆ, ಘಾಟಿ ಏರುವ ಹೊತ್ತಿಗೆ 10 ಗಂಟೆಯ ಅಂತರವೂ ಇರುವುದಿಲ್ಲ. ಸ್ವಂತ ಕಾರಿನವರು ಊಟ ಮುಗಿಸಿ 2 ಗಂಟೆಗೇ ಹೊರಟಿರುತ್ತಾರೆ.

ಇದರಲ್ಲಿ ಹೆದರಿಸುವ ಉದ್ದೇಶವಿಲ್ಲ. ಆರೇಳು ಮೀಟರಿನಲ್ಲಿ ಇಪ್ಪತ್ತು ನಿಮಿಷ ತಿರುಗಾಡಿ ಬಂದ ಪ್ರವಾಸಿಯ ಮೈಯಲ್ಲಿ ಸೇರುವ ಸಾರಜನಕ ಅಲ್ಪ, ಅಪಾಯವೂ ಬಹಳ ಕಡಿಮೆ. ಎರಡು ದಿನದಲ್ಲಿ ನಾಲ್ಕು ಡೈವ್ ಮಾಡಿ ಕೋರ್ಸ್ ಮುಗಿಸಿದ ವಿದ್ಯಾರ್ಥಿಯ ಮಾತು ಬೇರೆ, ಮತ್ತು ಸೋಮವಾರ ಬೆಳಿಗ್ಗೆ ಕಚೇರಿಗೆ ಹೋಗಲೇಬೇಕೆಂದು ಭಾನುವಾರ ಸಂಜೆ ಓಡುವವರೂ ಇವರೇ. ಬಸ್ಸಿನಲ್ಲಿ ಮೊಣಕೈ, ಭುಜ ನೋಯುತ್ತದೆ, ಕಾಲು ಜೋಮು ಹಿಡಿಯುತ್ತದೆ, ಚರ್ಮದಲ್ಲಿ ತುರಿಕೆ, ತಲೆಸುತ್ತು, ವಿಪರೀತ ಸುಸ್ತು. ಭಾರ ಹೊತ್ತದ್ದಕ್ಕೆ, ನಿದ್ದೆಗೆಟ್ಟದ್ದಕ್ಕೆ ಎಂದು ಕಾರಣ ಕೈಯಲ್ಲೇ ಇರುತ್ತದೆ. ಡೈವ್ ಆದ 24 ಗಂಟೆಯೊಳಗೆ ಇಂಥದ್ದೇನಾದರೂ ಕಂಡರೆ ಪ್ರಯಾಣ ನಿಲ್ಲಿಸಿ, ಡೈವ್ ಸೆಂಟರಿಗೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ‘ಡೈವಿಂಗ್ ಮಾಡಿ ಬಂದಿದ್ದೇನೆ’ ಎಂದು ಮೊದಲೇ ಹೇಳಿ ಆಮ್ಲಜನಕ ಹಾಕಿಸಿಕೊಳ್ಳಬೇಕು. ಪೂರ್ತಿ ಚಿಕಿತ್ಸೆ ಒತ್ತಡದ ಕೊಠಡಿಯಲ್ಲಿ ಆಗಬೇಕಾದದ್ದು. ಅಂಥದ್ದು ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು ಎಂದು ಡೈವ್ ಸೆಂಟರಿನವರಿಗೆ ಗೊತ್ತಿರಬೇಕು. ಬುಕ್ ಮಾಡುವಾಗಲೇ ಕೇಳಿ, ಉತ್ತರಕ್ಕೆ ತಡವರಿಸಿದರೆ ಬೇರೆ ಅಂಗಡಿ ನೋಡಿ.

ಮತ್ತೆ, ಒಂದು ದಿನ ಹೆಚ್ಚು ಉಳಿಯುವುದು ಶಿಕ್ಷೆಯೇನಲ್ಲ. ಇಡಗುಂಜಿ ಇದೆ, ಅಪ್ಸರಕೊಂಡ ಇದೆ, ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಕಡೆ ಕಾಂಡ್ಲಾ ಕಾಡಿನ ನಡುವೆ ಹಲಗೆಯ ಹಾದಿ ಇದೆ; ಯಾವುದಕ್ಕೂ ಘಾಟಿ ಹತ್ತಬೇಕಾಗಿಲ್ಲ. ಜೋಗವನ್ನು ಮಾತ್ರ ಹೋಗುವಾಗ ನೋಡಿ ಮುಗಿಸಿ, ಡೈವ್ ಆದ ಸಂಜೆಗೆ ಇಟ್ಟುಕೊಳ್ಳಬೇಡಿ. ವಾಪಸು ಟಿಕೆಟ್ಟನ್ನು ಮರುದಿನಕ್ಕೇ ತೆಗೆಯಿರಿ.